ಎಲ್ಲವೂ ಕೆಳಕ್ಕೇ ತಳ್ಳುವ ಬೀದಿ

ಟರ್ಕಿ ದೇಶದ ದಕ್ಷಿಣದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ಮೇಲೆ, ಕಲ್ಕಾನ್ ಎಂಬ ಪುಟ್ಟ ಊರಿದೆ. ಟರ್ಕಿ ಭಾಷೆಯಲ್ಲಿ ಈ ಹೆಸರಿಗೆ 'ಗುರಾಣಿ' ಎಂದು ಅರ್ಥ. ಬೆನ್ನಿಗೆ ಟಾರಸ್ ಪರ್ವತಗಳ ಸುಣ್ಣಕಲ್ಲಿನ ಗೋಡೆ, ಎದುರಿಗೆ ನೀಲಿ ಕೊಲ್ಲಿ. ಇವೆರಡರ ನಡುವೆ ಸಪಾಟು ನೆಲವೆಂಬುದು ತೀರ ಕಡಿಮೆ. ಸುಣ್ಣ ಬಳಿದ ಬಿಳಿ ಮನೆಗಳು, ಮರದ ಬಾಲ್ಕನಿಗಳು, ಅವುಗಳ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿಗಳು. ಇವುಗಳ ನಡುವಿನಿಂದ ಕಿರುಬೀದಿಗಳು ಬಂದರಿನ ಕಡೆಗೆ ಕಡಿದಾಗಿ ಇಳಿಯುತ್ತವೆ. ಪ್ರವಾಸಿಗರ ಕ್ಯಾಮರಾಗಳಿಗೆ ಇದೊಂದು ಹಬ್ಬ.

ಆದರೆ ಕ್ಯಾಮರಾ ನೋಡುವುದು ಕಣ್ಣಿನ ಎತ್ತರಕ್ಕೆ. ಪಾದದ ಕೆಳಗೆ ನೋಡಿದರೆ ಕಾಣುವುದು ಬೇರೆಯೇ ಕಥೆ. ಕಲ್ಲುಹಾಸಿನ ಬೀದಿ ಇಳಿಜಾರಿನಲ್ಲಿದ್ದರೆ ಕಲ್ಲುಗಳು ಸಡಿಲವಾಗುತ್ತವೆ. ಕೆಲವು ಕುಸಿದು ಗುಳಿ ಬೀಳುತ್ತದೆ, ಕೆಲವು ಮೇಲೆದ್ದು ಎಡವುಗಲ್ಲುಗಳಾಗುತ್ತವೆ. ಮಳೆ ಬಂದರೆ ಜಾರುತ್ತದೆ. ರಜೆಗೆಂದು ಬಂದವರು ಹೇಗೋ ಹದಿನೈದು ದಿನ ಕಳೆದು ಹೋಗಿಬಿಡುತ್ತಾರೆ. ಅಲ್ಲೇ ವರ್ಷವಿಡೀ ಇರುವ ಅಜ್ಜ ಅಜ್ಜಿಯರು, ಶಾಲೆಗೆ ಹೋಗುವ ಮಕ್ಕಳು, ಹೋಟೆಲುಗಳಿಗೆ ಸಾಮಾನು ಹೊರುವ ಕೆಲಸಗಾರರು ಮಾತ್ರ ಪ್ರತಿದಿನ ಅದೇ ಬೀದಿಯಲ್ಲಿ ಏರಿ ಇಳಿಯಬೇಕು. ಸೊಂಟದ ಮೂಳೆ ಮುರಿದ ವೃದ್ಧರೊಬ್ಬರ ಪಾಲಿಗೆ ಅಂದದ ಬೀದಿ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಕಲ್ಲು ಇಷ್ಟು ಗಟ್ಟಿಯಾದ ವಸ್ತುವಾಗಿರುವಾಗ ಕಲ್ಲಿನ ಬೀದಿ ಏಕೆ ಕೆಡಬೇಕು? ಇದರ ಉತ್ತರ ಹೈಸ್ಕೂಲಿನ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ.

ಕತ್ತೆಯ ದಾರಿ, ಕಾರಿನ ದಾರಿ

ಕಲ್ಕಾನ್ ಒಂದು ಕಾಲಕ್ಕೆ ಕಲಮಾಕಿ ಎಂಬ ಹೆಸರಿನ, ಗ್ರೀಕರು ಹೆಚ್ಚಾಗಿ ವಾಸವಾಗಿದ್ದ ಬಂದರು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ದೇಶಗಳ ನಡುವೆ ಜನರ ವಿನಿಮಯಕ್ಕೆ ಒಪ್ಪಂದವಾದಾಗ ಅವರು ಊರು ಬಿಡಬೇಕಾಯಿತು. ಅಲ್ಲಿಂದ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್ ಪೂರ್ವಕ್ಕೆ ಕಾಶ್ ಎಂಬ ಇನ್ನೊಂದು ಊರಿದೆ. ಅಲ್ಲಿ ಉಜುನ್ ಚಾರ್ಶಿ, ಅಂದರೆ 'ಉದ್ದನೆಯ ಪೇಟೆ' ಎಂಬ ಏರು ಬೀದಿಯ ತುದಿಯಲ್ಲಿ, ಕ್ರಿಸ್ತಪೂರ್ವ ಕಾಲದ ಲಿಸಿಯನ್ ಜನರ ಕಲ್ಲಿನ ಶವಪೆಟ್ಟಿಗೆಯೊಂದು ಇಂದಿಗೂ ನಿಂತಿದೆ.

ಈ ಊರುಗಳ ಹಳೆಯ ಬೀದಿಗಳು ರೂಪುಗೊಂಡದ್ದು ಮನುಷ್ಯನ ಪಾದಕ್ಕೆ, ಕತ್ತೆ ಮತ್ತು ಹೇಸರಗತ್ತೆಗಳ ಗೊರಸಿಗೆ. ಹೀಗೆ ಕಲ್ಲು ಹಾಸಿದ ದಾರಿಯನ್ನು ಟರ್ಕಿಯ ಜನ 'ಅರ್ನಾವುತ್ ಕಲ್ದಿರಿಮಿ' ಎನ್ನುತ್ತಾರೆ. ಅದರ ನೇರ ಅರ್ಥ 'ಅಲ್ಬೇನಿಯನ್ನರ ಕಲ್ಲುಹಾಸು'. ಉಬ್ಬುತಗ್ಗಿನ ಕಲ್ಲುಗಳ ನಡುವಿನ ಸಂದುಗಳಲ್ಲಿ ಗೊರಸು ಹಿಡಿತ ಪಡೆಯುತ್ತಿತ್ತು. ಕತ್ತೆಗೆ ಒಗ್ಗಿದ ಆ ದಾರಿ ಕಾರಿಗೆ, ಕಾಂಕ್ರೀಟ್ ಮಿಕ್ಸರ್ ಲಾರಿಗೆ, ಚಕ್ರದ ಸೂಟ್‌ಕೇಸಿಗೆ ಒಗ್ಗಲಿಲ್ಲ.

ಪ್ರವಾಸೋದ್ಯಮ ಬೆಳೆದಂತೆ ಗುಡ್ಡದ ಮೇಲ್ಭಾಗಕ್ಕೂ ವಿಲ್ಲಾಗಳು ಏರಿದವು. ಅವುಗಳ ಸಿಮೆಂಟು, ಕಬ್ಬಿಣ, ಈಜುಕೊಳದ ನೀರು ಎಲ್ಲವೂ ಲಾರಿಗಳಲ್ಲೇ ಬರಬೇಕು. ಲಾರಿಯ ಭಾರ ರಸ್ತೆಗೆ ಮಾಡುವ ಹಾನಿ ಅಚ್ಚರಿ ತರುವಂಥದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ಪ್ರಯೋಗವೊಂದರಿಂದ ಒಂದು ಸ್ಥೂಲ ನಿಯಮ ಹೊರಬಂತು: ರಸ್ತೆಯ ಸವೆತವು ಆಕ್ಸಲ್ ಮೇಲಿನ ಭಾರದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ಕಾರಿನ ಒಂದು ಆಕ್ಸಲ್ ಮೇಲೆ 0.8 ಟನ್, ಲಾರಿಯ ಆಕ್ಸಲ್ ಮೇಲೆ 8 ಟನ್ ಇದೆಯೆನ್ನಿ. ಭಾರ ಹತ್ತು ಪಟ್ಟು. ಹಾನಿ ಹತ್ತರ ನಾಲ್ಕನೇ ಘಾತ, ಅಂದರೆ 10,000 ಪಟ್ಟು!

ಸಪಾಟು ದೇಶದ ತಂತ್ರ

ಇಂದು ಜಗತ್ತಿನ ಅನೇಕ ಊರುಗಳಂತೆ ಟರ್ಕಿಯಲ್ಲೂ ಕಲ್ಲಿನ ಜಾಗಕ್ಕೆ ಬಹಳಷ್ಟು ಕಡೆ ಕಾಂಕ್ರೀಟ್ ಬ್ಲಾಕ್‌ಗಳು ಬಂದಿವೆ. ನಮ್ಮ ಊರುಗಳ ಫುಟ್‌ಪಾತ್ ಮತ್ತು ಪೆಟ್ರೋಲ್ ಬಂಕುಗಳಲ್ಲಿ 'ಇಂಟರ್‌ಲಾಕ್ ಟೈಲ್ಸ್' ಎಂದು ಕರೆಯುವ ವಸ್ತುವೇ ಇದು. ಎರಡನೇ ಮಹಾಯುದ್ಧದ ನಂತರ ನೆದರ್‌ಲ್ಯಾಂಡ್ಸ್‌ನಲ್ಲಿ ಇದರ ಬಳಕೆ ವ್ಯಾಪಕವಾಯಿತು. ಯುದ್ಧದಲ್ಲಿ ಹಾಳಾದ ಮನೆಗಳನ್ನು ಕಟ್ಟಲು ಸುಟ್ಟ ಇಟ್ಟಿಗೆಗಳು ಬೇಕಾಗಿದ್ದುದರಿಂದ, ಬೀದಿಗೆ ಹಾಸುವ ಇಟ್ಟಿಗೆಯ ಬದಲು ಅಲ್ಲಿನವರು ಕಾಂಕ್ರೀಟಿನ ಬ್ಲಾಕ್ ಬಳಸತೊಡಗಿದರು.

ಇದರ ರಚನೆ ಸರಳ. ಕೆಳಗೆ ಗಟ್ಟಿಯಾಗಿ ಬಡಿದ ಜಲ್ಲಿಯ ಪದರ. ಅದರ ಮೇಲೆ ಸುಮಾರು 3 ಸೆಂಟಿಮೀಟರ್ ಮರಳು. ಮರಳಿನ ಮೇಲೆ ಬ್ಲಾಕ್‌ಗಳು. ಜನ ಓಡಾಡುವ ಕಡೆ ಸಾಮಾನ್ಯವಾಗಿ 6 ಸೆಂ.ಮೀ., ವಾಹನ ಓಡಾಡುವ ಕಡೆ 8 ಸೆಂ.ಮೀ. ದಪ್ಪದವು. ಬ್ಲಾಕ್‌ಗಳ ನಡುವೆ ಕೆಲವೇ ಮಿಲಿಮೀಟರಿನಷ್ಟು ಸಂದು. ಆ ಸಂದಿನಲ್ಲಿ ತುಂಬಿದ ಸಣ್ಣ ಮರಳೇ ಇಡೀ ವ್ಯವಸ್ಥೆಯ ಜೀವ. ಒಂದು ಬ್ಲಾಕ್ ಮೇಲೆ ಚಕ್ರ ಹತ್ತಿದಾಗ ಅದರ ಒತ್ತಡವನ್ನು ಸಂದಿನ ಮರಳು ನೆರೆಯ ಬ್ಲಾಕ್‌ಗಳಿಗೆ ಹಂಚುತ್ತದೆ. ಸಂದಿನ ಮರಳು ಹೋಯಿತೆಂದರೆ ಪ್ರತಿಯೊಂದು ಬ್ಲಾಕೂ ಒಂಟಿ, ಒಂಟಿಯಾದದ್ದು ಅಲುಗಾಡಲೇಬೇಕು.

ಇಲ್ಲೊಂದು ಸ್ವಾರಸ್ಯವಿದೆ. ನೆದರ್‌ಲ್ಯಾಂಡ್ಸ್ ಜಗತ್ತಿನ ಅತ್ಯಂತ ಸಪಾಟಾದ ದೇಶಗಳಲ್ಲೊಂದು. ಸಪಾಟು ನೆಲದಲ್ಲಿ ಬೆಳೆದ ತಂತ್ರವನ್ನು ಗುಡ್ಡಕ್ಕೆ ಒಯ್ದಾಗ ಏನಾಗುತ್ತದೆ?

ಎಲ್ಲ ಬಲಗಳೂ ಒಂದೇ ದಿಕ್ಕಿಗೆ

ಐದು ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಏರುವ ಬೀದಿಯನ್ನು ಊಹಿಸಿಕೊಳ್ಳಿ. ಇದನ್ನು 20 ಶೇಕಡಾ ಏರು ಎನ್ನುತ್ತಾರೆ; ಕೋನ ಸುಮಾರು 11.3 ಡಿಗ್ರಿ. ಕೇಳಲು ಕಡಿಮೆ ಎನಿಸಿದರೂ ಏರಿದವರಿಗೆ ಏದುಸಿರು ಬರುವಂಥ ಏರು ಇದು. ಈ ಏರಿನಲ್ಲಿ ನಿಂತ 1500 ಕಿಲೋ ತೂಕದ ಕಾರಿನ ಭಾರದಲ್ಲಿ ಸುಮಾರು 294 ಕಿಲೋದಷ್ಟು ಪಾಲು ರಸ್ತೆಗುಂಟ ಕೆಳಕ್ಕೆ ಎಳೆಯುತ್ತಿರುತ್ತದೆ. ಬ್ರೇಕ್ ಹಾಕಿ ಕಾರನ್ನು ನಿಲ್ಲಿಸಿದರೆ ಆ ಎಳೆತವನ್ನು ತಾಳಿಕೊಳ್ಳುವುದು ಚಕ್ರದ ಕೆಳಗಿನ ಕಲ್ಲುಗಳು.

ಕಾರು ಚಲಿಸಿದಾಗ ಇನ್ನೊಂದು ವಿಚಾರ ಸೇರಿಕೊಳ್ಳುತ್ತದೆ. ಏರು ಹತ್ತುವ ಕಾರಿನ ಚಕ್ರ ನೆಲವನ್ನು ಹಿಂದಕ್ಕೆ ಒದೆಯುತ್ತದೆ. ಹಿಂದಕ್ಕೆ ಎಂದರೆ ಇಳಿಜಾರಿನ ಕೆಳಕ್ಕೆ. ಇಳಿಯುವ ಕಾರು ಬ್ರೇಕ್ ಹಾಕಿದಾಗ ಚಕ್ರ ನೆಲವನ್ನು ಮುಂದಕ್ಕೆ ತಳ್ಳುತ್ತದೆ. ಮುಂದಕ್ಕೆ ಎಂದರೂ ಕೆಳಕ್ಕೇ! ಸಪಾಟು ರಸ್ತೆಯಲ್ಲಿ ಹೋಗುವ ವಾಹನ ಒಂದು ದಿಕ್ಕಿಗೆ, ಬರುವ ವಾಹನ ಇನ್ನೊಂದು ದಿಕ್ಕಿಗೆ ತಳ್ಳುವುದರಿಂದ ಬಹುಮಟ್ಟಿಗೆ ಸರಿದೂಗುತ್ತದೆ. ಗುಡ್ಡದ ಬೀದಿಯಲ್ಲಿ ಹಾಗಲ್ಲ. ಹತ್ತುವವನೂ ಇಳಿಯುವವನೂ ಕಲ್ಲುಗಳನ್ನು ಒಂದೇ ದಿಕ್ಕಿಗೆ ತಳ್ಳುತ್ತಾರೆ.

ಪರಿಣಾಮವಾಗಿ ಕಲ್ಲುಹಾಸು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಕ್ಕೆ ಸರಿಯುತ್ತದೆ. ಮೇಲಿನ ಸಂದುಗಳು ಅಗಲವಾಗಿ ಬಾಯಿ ತೆರೆಯುತ್ತವೆ; ಕೆಳಗಿನವು ಒತ್ತಿಕೊಂಡು ಅಂಚುಗಳು ಚಕ್ಕೆ ಏಳುತ್ತವೆ. ಬೀದಿಯ ಬುಡದಲ್ಲಿ ಗಟ್ಟಿಯಾದ ಅಂಚುಕಲ್ಲು ಇಲ್ಲದಿದ್ದರೆ ಕೊನೆಯ ಸಾಲು ಕದಲುತ್ತದೆ, ಅದರ ಹಿಂದಿನ ಸಾಲು ಅದನ್ನು ಹಿಂಬಾಲಿಸುತ್ತದೆ. ಗುಳಿ ಬಿದ್ದದ್ದು ಮೇಲೆ. ಕಾರಣ ಮಾತ್ರ ಕೆಳಗೆ. ಗುಳಿಗೆ ಮರಳು ತುಂಬಿ ಹೋದವರಿಗೆ ಮತ್ತೆ ಅಲ್ಲೇ ಗುಳಿ ಕಾಣುವುದು ಇದಕ್ಕೇ.

ನೀರಿನ ಕೈವಾಡ

ಈ ಕರಾವಳಿಯಲ್ಲಿ ಬೇಸಿಗೆ ಪೂರ್ತಿ ಒಣ. ವರ್ಷದ ಮಳೆಯ ಬಹುಪಾಲು ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲೇ, ಅದೂ ಜೋರಾಗಿ, ಸುರಿಯುತ್ತದೆ. ನಮ್ಮಲ್ಲಿ ಬೇಸಿಗೆ ಮುಗಿದೊಡನೆ ಮುಂಗಾರು ಬರುತ್ತದೆ. ಅಲ್ಲಿ ಮಳೆಗಾಲವೇ ಚಳಿಗಾಲ. ಮೇಲಾಗಿ ಗುಡ್ಡದ ಮೇಲೆ ಮನೆ, ಅಂಗಳ, ರಸ್ತೆಗಳು ಹೆಚ್ಚಿದಷ್ಟೂ ಮಣ್ಣು ಹೀರುವ ನೀರು ಕಡಿಮೆಯಾಗಿ ಬೀದಿಗಿಳಿಯುವ ನೀರು ಹೆಚ್ಚುತ್ತದೆ. ಇಳಿಜಾರಿನ ಬೀದಿಯೇ ಆಗ ಊರಿನ ಚರಂಡಿ.

ಹರಿಯುವ ನೀರಿನ ಆಳ ಒಂದೇ ಆಗಿದ್ದರೆ ಅದರ ವೇಗ ಇಳಿಜಾರಿನ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 5 ಶೇಕಡಾ ಇಳಿಜಾರು 20 ಶೇಕಡಾ ಆದರೆ ವೇಗ ಎರಡು ಪಟ್ಟಾಗುತ್ತದೆ. ಎರಡೇ ಪಟ್ಟು ತಾನೆ ಎನ್ನಬೇಡಿ. ನೀರು ಉರುಳಿಸಬಲ್ಲ ಕಲ್ಲಿನ ತೂಕ ವೇಗದ ಆರನೇ ಘಾತಕ್ಕೆ ಅನುಗುಣ ಎಂಬ ಹಳೆಯ ನಿಯಮವೊಂದಿದೆ. ವೇಗ ಎರಡು ಪಟ್ಟಾದರೆ ಎರಡರ ಆರನೇ ಘಾತ, ಅಂದರೆ 64 ಪಟ್ಟು ತೂಕದ ಕಲ್ಲನ್ನು ನೀರು ಹೊರಳಿಸಬಲ್ಲದು. ಇಂಥ ನೀರಿಗೆ ಸಂದಿನ ಮರಳು ಯಾವ ಲೆಕ್ಕ?

ಮೇಲೆ ಹರಿಯುವ ನೀರು ಕಣ್ಣಿಗೆ ಕಾಣುತ್ತದೆ. ಹೆಚ್ಚು ಅಪಾಯಕಾರಿಯಾದದ್ದು ಸಂದಿನೊಳಗೆ ಇಳಿದು ಹಾಸಿನ ಕೆಳಗೇ ಹರಿಯುವ ನೀರು. ಅದು ಬ್ಲಾಕ್‌ಗಳ ಕೆಳಗಿನ ಮರಳನ್ನು ಒಯ್ದುಬಿಡುತ್ತದೆ. ಮೇಲಿನಿಂದ ಬೀದಿ ಮೊದಲಿನಂತೆಯೇ ಕಾಣುತ್ತದೆ, ಒಳಗೆ ಪೊಳ್ಳು. ಲಾರಿಯೊಂದು ಬಂದ ದಿನ ಪೊಳ್ಳು ಬಯಲಾಗುತ್ತದೆ.

ನುಣುಪಿನ ಅಪಾಯ

ಸುತ್ತಲಿನ ಪರ್ವತಗಳೆಲ್ಲ ಸುಣ್ಣಕಲ್ಲಾಗಿರುವುದರಿಂದ ಕರಾವಳಿಯ ಹಳೆಯ ಊರುಗಳಲ್ಲಿ ಅದೇ ಕಲ್ಲಿನ ಬಳಕೆ ಸಹಜ. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್. ಮೋಸ್ ಗಡಸುತನದ ಅಳತೆಯಲ್ಲಿ ಅದರ ಸ್ಥಾನ 3; ಗ್ರಾನೈಟಿನಲ್ಲಿರುವ ಸ್ಫಟಿಕ ಶಿಲೆಯದು 7. ಚಪ್ಪಲಿಗೆ ಅಂಟಿದ ಮರಳಿನ ಕಣವೂ ಸಾಮಾನ್ಯವಾಗಿ ಅದೇ 7ರ ಗಡಸಿನದು. ಹೀಗಾಗಿ ನಡೆದಾಡುವ ಪ್ರತಿಯೊಬ್ಬರೂ ಸುಣ್ಣಕಲ್ಲಿಗೆ ತಮಗರಿವಿಲ್ಲದೆ ಪಾಲಿಶ್ ಹಾಕುತ್ತಿರುತ್ತಾರೆ. ವರ್ಷಗಳು ಕಳೆದಂತೆ ಕಲ್ಲು ಕನ್ನಡಿಯಂತೆ ಹೊಳೆಯುತ್ತದೆ. ಒಣಗಿದ್ದಾಗ ಹೇಗೋ ನಡೆಯಬಹುದು; ನಾಲ್ಕು ಹನಿ ಬಿದ್ದರೆ ನೀರಿನ ತೆಳು ಪದರ ಚಪ್ಪಲಿಗೂ ಕಲ್ಲಿಗೂ ನಡುವೆ ಬಂದು ಹಿಡಿತ ತಪ್ಪುತ್ತದೆ.

ಇದನ್ನು ಅಳೆಯಲು ಒಂದು ಲೋಲಕವಿದೆ. ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ ರೂಪುಗೊಂಡ ಈ ಉಪಕರಣದಲ್ಲಿ, ತೂಗುವ ತೋಳಿನ ತುದಿಗೆ ರಬ್ಬರಿನ ತುಂಡಿರುತ್ತದೆ. ಅದು ನೆಲವನ್ನು ಸವರಿಕೊಂಡು ಹೋಗುವಾಗ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದರ ಮೇಲೆ ನೆಲಕ್ಕೊಂದು ಅಂಕ. 36 ಅಥವಾ ಹೆಚ್ಚು ಬಂದರೆ ಜಾರುವ ಭಯ ಕಡಿಮೆ. 25ಕ್ಕಿಂತ ಕೆಳಗಿಳಿದರೆ ಹೆಚ್ಚು. ಆದರೆ ಇದು ಸಪಾಟು ನೆಲದ ಲೆಕ್ಕ. 20 ಶೇಕಡಾ ಇಳಿಜಾರಿನಲ್ಲಿ ಸುಮ್ಮನೆ ನಿಲ್ಲಲೇ ಇನ್ನೂ ಸುಮಾರು 20 ಅಂಕದ ಹಿಡಿತ ಖರ್ಚಾಗುತ್ತದೆ. ಅಂದರೆ ಗುಡ್ಡದ ಬೀದಿಗೆ 56ರ ಆಸುಪಾಸಿನ ಅಂಕ ಬೇಕು. ಸಪಾಟು ಅಂಗಳಕ್ಕೆ ಸರಿಯಾದ ಕಲ್ಲು ಇಳಿಜಾರಿಗೆ ಸರಿಯಲ್ಲ.

ವಾಹನದ ಲೆಕ್ಕ ಇನ್ನೂ ಗಂಭೀರ. ಗಂಟೆಗೆ 30 ಕಿ.ಮೀ. ವೇಗದ ಕಾರು ಒಣಗಿದ ಸಪಾಟು ರಸ್ತೆಯಲ್ಲಿ, ಘರ್ಷಣಾ ಗುಣಾಂಕ 0.7 ಇದ್ದರೆ, ಬ್ರೇಕ್ ಒತ್ತಿದ ಮೇಲೆ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಕಾರು 20 ಶೇಕಡಾ ಇಳಿಜಾರಿನಲ್ಲಿ, ಒದ್ದೆಯಾದ ನುಣುಪು ಕಲ್ಲಿನ ಮೇಲೆ, ಗುಣಾಂಕ 0.35ಕ್ಕೆ ಇಳಿದಾಗ, ನಿಲ್ಲಲು 24 ಮೀಟರ್ ಬೇಕು. ಹಿಡಿತ ಅರ್ಧವಾದರೆ ನಿಲ್ಲುವ ದೂರ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಐದು ಪಟ್ಟು!

ಸಣ್ಣ ಚಕ್ರದ ಸಂಕಟ

ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ಮಗುವಿನ ತಳ್ಳುಗಾಡಿ ಹಿಡಿದ ತಾಯಂದಿರಿಗೆ ಎದ್ದ ಕಲ್ಲೊಂದು ಗೋಡೆಯಿದ್ದಂತೆ. 15 ಮಿಲಿಮೀಟರ್ ಎದ್ದ ಕಲ್ಲನ್ನು 30 ಸೆಂ.ಮೀ. ತ್ರಿಜ್ಯದ ದೊಡ್ಡ ಚಕ್ರ ಹತ್ತಲು ಅದರ ಮೇಲಿನ ಭಾರದ ಮೂರನೇ ಒಂದು ಭಾಗದಷ್ಟು ಬಲ ಸಾಕು. ಅದೇ ಕಲ್ಲನ್ನು 6 ಸೆಂ.ಮೀ. ತ್ರಿಜ್ಯದ ಮುಂದಿನ ಸಣ್ಣ ಚಕ್ರ ಹತ್ತಲು ಅದರ ಮೇಲಿನ ಭಾರದ ಸುಮಾರು 88 ಶೇಕಡಾ ಬಲ ಬೇಕು. ಎತ್ತಿ ಇಡುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಗಾಲಿಕುರ್ಚಿಯ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎಂಬುದು ಅನೇಕ ದೇಶಗಳು ಒಪ್ಪಿದ ಮಿತಿ. 5ಕ್ಕೆ 1ರ ಬೀದಿಯನ್ನು ಎಷ್ಟೇ ಚೆನ್ನಾಗಿ ಹಾಸಿದರೂ ಆ ಮಿತಿಯೊಳಗೆ ತರಲಾಗದು. ಅಂಥ ಊರಿನಲ್ಲಿ ಸುತ್ತುಬಳಸಿನದಾದರೂ ಕಡಿಮೆ ಏರಿನ ಒಂದು ದಾರಿಯನ್ನು ಕಾಪಾಡುವುದು, ಕಡಿದಾದ ಬೀದಿಯಲ್ಲಿ ಕೈ ಹಿಡಿಯಲು ಕಂಬಿ ಹಾಕುವುದು ಪ್ರಾಮಾಣಿಕ ಉಪಾಯಗಳು.

ಹಾಸುವವರು ಒಬ್ಬರು, ಅಗೆಯುವವರು ಇನ್ನೊಬ್ಬರು

ಎಲ್ಲ ತಪ್ಪನ್ನೂ ಪ್ರಕೃತಿಯ ಮೇಲೆ ಹೊರಿಸುವಂತಿಲ್ಲ. ಬೀದಿಯ ಕೆಳಗೆ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ತಂತಿಗಳಿರುತ್ತವೆ. ಬಿಚ್ಚಿ ಮತ್ತೆ ಜೋಡಿಸಬಹುದು ಎಂಬುದೇ ಬ್ಲಾಕ್ ಹಾಸಿನ ದೊಡ್ಡ ಗುಣ. ಆದರೆ ಬಿಚ್ಚಿದವರು ಅಗೆದ ಮಣ್ಣನ್ನು ಪದರ ಪದರವಾಗಿ ಬಡಿದು ಗಟ್ಟಿ ಮಾಡದೆ ಹಾಗೇ ಮುಚ್ಚಿದರೆ, ಮೊದಲ ಮಳೆಗೇ ಅದು ಕುಗ್ಗಿ ಉದ್ದಕ್ಕೂ ಕಾಲುವೆಯಂತೆ ತಗ್ಗಾಗುತ್ತದೆ.

ಟರ್ಕಿಯಲ್ಲಿ 2012ರಲ್ಲಿ ಬಂದ 6360ನೇ ಸಂಖ್ಯೆಯ ಕಾನೂನು 2014ರ ಸ್ಥಳೀಯ ಚುನಾವಣೆಗಳೊಂದಿಗೆ ಪೂರ್ತಿ ಜಾರಿಗೆ ಬಂತು. ಅದುವರೆಗೆ ತನ್ನದೇ ಪುರಸಭೆ ಹೊಂದಿದ್ದ ಕಲ್ಕಾನ್ ಆ ಬಳಿಕ ಕಾಶ್ ಪುರಸಭೆಯ ಒಂದು 'ಮಹಲ್ಲೆ' ಆಯಿತು. ನಮ್ಮ ಮೊಹಲ್ಲಾ ಎಂಬ ಪದವೇ ಅದು. ಇಂಥ ವ್ಯವಸ್ಥೆಯಲ್ಲಿ ಮುಖ್ಯ ರಸ್ತೆಗಳು, ನೀರು ಮತ್ತು ಒಳಚರಂಡಿ ಅಂಟಾಲ್ಯ ಮಹಾನಗರ ಆಡಳಿತಕ್ಕೆ, ಒಳಬೀದಿಗಳು ಕಾಶ್ ಪುರಸಭೆಗೆ ಸೇರುತ್ತವೆ. ಕಲ್ಲು ಹಾಸುವ ಕೈ ಒಂದು, ಕೊಳವೆಗಾಗಿ ಅಗೆಯುವ ಕೈ ಇನ್ನೊಂದು. ಎರಡು ಕೈಗಳೂ ಒಂದೇ ನಕ್ಷೆ ನೋಡಿ ಕೆಲಸ ಮಾಡದಿದ್ದರೆ ಎಂಥ ಒಳ್ಳೆಯ ಕಲ್ಲೂ ಬಾಳುವುದಿಲ್ಲ. ಈ ಮಾತು ಟರ್ಕಿಗಷ್ಟೇ ಸಲ್ಲುತ್ತದೆ ಎಂದು ಕನ್ನಡದ ಓದುಗರು ಭಾವಿಸಲಿಕ್ಕಿಲ್ಲ.

ಪರಿಹಾರ ಹೊಸದೇನಲ್ಲ

ಕೆಲಸ ಬಲ್ಲವರು ಇಳಿಜಾರಿನಲ್ಲಿ ಬ್ಲಾಕ್ ಹಾಸುವುದನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗುತ್ತಾರೆ. ಬುಡದಲ್ಲಿ ಕಾಂಕ್ರೀಟಿನಲ್ಲಿ ಹೂತ ಗಟ್ಟಿ ಅಂಚು. ಕಡಿದಾದ ಕಡೆ ನಡುನಡುವೆ ಬೀದಿಗೆ ಅಡ್ಡಲಾಗಿ ಕಾಂಕ್ರೀಟಿನ ತೊಲೆ. ಒಟ್ಟಾರೆ ಭಾರವನ್ನು ಒಂದೇ ತುದಿಗೆ ಬಿಡದೆ ಕಂತುಗಳಲ್ಲಿ ಹೊರುವ ಉಪಾಯ ಇದು. ಆ ತೊಲೆಯ ಹಿಂದೆ ನೀರು ಕಟ್ಟಿಕೊಳ್ಳದಂತೆ ಕೆಳಗಿನಿಂದ ದಾರಿ ಬಿಡಬೇಕು. ಬ್ಲಾಕ್‌ಗಳನ್ನು ನೇರ ಸಾಲುಗಳಲ್ಲಿ ಹಾಕದೆ ಮೀನಿನ ಮುಳ್ಳಿನ ವಿನ್ಯಾಸದಲ್ಲಿ ಹಾಕಿದರೆ ಒಂದು ಬ್ಲಾಕ್ ಸರಿಯಲು ಹೊರಟಾಗ ನೆರೆಯವು ಅಡ್ಡ ಬರುತ್ತವೆ. ಉರುಟು ಕಣದ ಹೊಳೆಮರಳಿಗಿಂತ ಮೊನಚು ಅಂಚಿನ ಒರಟು ಮರಳು ಹೆಚ್ಚು ಹಿಡಿಯುತ್ತದೆ. ಬೀದಿಗೆ ಅಡ್ಡಲಾಗಿ ಜಾಲರಿ ಮುಚ್ಚಿದ ಚರಂಡಿಗಳಿದ್ದರೆ ನೀರು ವೇಗ ಪಡೆಯುವ ಮುನ್ನವೇ ಬದಿಗೆ ಹೋಗುತ್ತದೆ. ಕಲ್ಲಿನ ಮೇಲ್ಮೈಯನ್ನು ಉಳಿಯಿಂದ ಒರಟು ಮಾಡಬಹುದು. ಬಹಳ ಕಡಿದಾದ ಕಡೆ ಮೆಟ್ಟಿಲುಗಳೇ ಲೇಸು.

ಈ ಜ್ಞಾನ ಆ ನೆಲಕ್ಕೆ ಹೊಸದಲ್ಲ. ಕಲ್ಕಾನ್‌ಗೆ ಹತ್ತಿರದ ಪತಾರಾ ಎಂಬ ಪ್ರಾಚೀನ ನಗರದಲ್ಲಿ, ಕ್ಲಾಡಿಯಸ್ ಚಕ್ರವರ್ತಿಯ ಕಾಲದ, ಕ್ರಿ.ಶ. 46ರ ಸುಮಾರಿನ ಸ್ಮಾರಕವೊಂದು 1990ರ ದಶಕದಲ್ಲಿ ಪತ್ತೆಯಾಯಿತು. ಲಿಸಿಯಾ ಪ್ರಾಂತ್ಯದ ಊರುಗಳ ನಡುವಿನ ದಾರಿಗಳ ಪಟ್ಟಿ ಅದರ ಮೇಲೆ ಕೆತ್ತಲ್ಪಟ್ಟಿದೆ. ಅದೇ ನಗರಕ್ಕೆ ನೀರು ಒಯ್ಯುತ್ತಿದ್ದ ದೆಲಿಕ್ಕೆಮೆರ್ ಎಂಬ ಕಲ್ಲಿನ ಕಟ್ಟೆ ಕಲ್ಕಾನ್ ಮತ್ತು ಪತಾರಾಗಳ ನಡುವೆ ಇಂದಿಗೂ ನಿಂತಿದೆ. ನಡುವೆ ತೂತು ಕೊರೆದ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿ, ಕಣಿವೆಯ ಒಂದು ಬದಿಯಿಂದ ಇಳಿಸಿ ಇನ್ನೊಂದು ಬದಿಗೆ ಒತ್ತಡದಿಂದಲೇ ನೀರನ್ನು ಏರಿಸಿದ್ದರು. ಗುಡ್ಡದ ನಾಡಿನಲ್ಲಿ ನೀರಿಗೆ ಮೊದಲು ದಾರಿ ಮಾಡಬೇಕು, ಆಮೇಲೆ ಉಳಿದದ್ದು ಎಂಬ ತಿಳಿವಳಿಕೆ ಅಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯದು.

ಮನೆಯಲ್ಲೇ ಮಾಡಿ ನೋಡಿ

ಒಂದು ಉದ್ದನೆಯ ಹಲಗೆಯ ಮೇಲೆ ರಬ್ಬರ್ ಚಪ್ಪಲಿಯನ್ನಿಟ್ಟು, ಅದರೊಳಗೆ ಒಂದು ಕಲ್ಲಿಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಚಪ್ಪಲಿ ಜಾರತೊಡಗಿದ ಕ್ಷಣದಲ್ಲಿ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನು ನೆಲದ ಮೇಲಿನ ಅಡ್ಡ ದೂರದಿಂದ ಭಾಗಿಸಿ. ಬರುವ ಸಂಖ್ಯೆಯೇ ಘರ್ಷಣಾ ಗುಣಾಂಕ. ಈಗ ಹಲಗೆಗೆ ನೀರು ಸವರಿ, ನಂತರ ಸಾಬೂನು ನೀರು ಸವರಿ ಅದನ್ನೇ ಮಾಡಿ. ಹೊಸ ಚಪ್ಪಲಿ, ಸವೆದ ಚಪ್ಪಲಿ ಎರಡನ್ನೂ ಹೋಲಿಸಿ.

ಇನ್ನೊಂದು ಪ್ರಯೋಗ: ಟ್ರೇ ಒಂದರಲ್ಲಿ ತೆಳುವಾಗಿ ಮರಳು ಹರಡಿ, ಅದರ ಮೇಲೆ ಒಂದೇ ಅಳತೆಯ ಮರದ ತುಂಡುಗಳನ್ನು ಒತ್ತಾಗಿ ಜೋಡಿಸಿ ಟ್ರೇಯನ್ನು ಓರೆ ಮಾಡಿ. ಟ್ರೇಯ ಅಂಚು ತಡೆಯುವುದರಿಂದ ಏನೂ ಆಗುವುದಿಲ್ಲ. ಕೆಳಗಿನ ಸಾಲಿನ ಒಂದೇ ಒಂದು ತುಂಡನ್ನು ತೆಗೆದು, ಮೇಲಿನಿಂದ ಲೋಟದಲ್ಲಿ ನೀರು ಸುರಿಯಿರಿ. ಮುಂದಿನದನ್ನು ನೀರು ಮತ್ತು ಗುರುತ್ವ ಸೇರಿ ತೋರಿಸಿಕೊಡುತ್ತವೆ.

ಬೀದಿಯನ್ನು ಉದ್ಘಾಟಿಸುವ ದಿನ ಎಲ್ಲರ ಕಣ್ಣು ಹೊಸ ಕಲ್ಲಿನ ಮೇಲಿರುತ್ತದೆ. ಆ ಬೀದಿಯ ಆಯುಷ್ಯವನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಮೂರು ಸಂಗತಿಗಳು: ಸಂದಿನ ಮರಳು, ಕೆಳಗಿನ ನೀರಿನ ದಾರಿ, ಬುಡದ ಅಂಚುಕಲ್ಲು. ಇವುಗಳ ಫೋಟೋ ಯಾರೂ ತೆಗೆಯುವುದಿಲ್ಲ. ಆದರೆ ಡಿಸೆಂಬರಿನ ಮಳೆಯಲ್ಲಿ ರೊಟ್ಟಿ ತರಲು ಅಂಗಡಿಗೆ ಇಳಿಯುವ ಅಜ್ಜಿಯೊಬ್ಬಳು ಕೈಕಾಲು ಗಟ್ಟಿಯಾಗಿ ಮನೆ ಸೇರುವುದು ಇವುಗಳಿಂದಲೇ.